ಮರ ಹತ್ತಿದ ಉಪನ್ಯಾಸಕ

ಕೆಟಲ್ ಕ್ರೀಕಿನ ಗಂಡಸರು ಪಾದ್ರಿಯ ಮುಂದೆ ನಿಜ ಹೇಳುತ್ತಾರೆ, ಪೊಲೀಸರ ಮುಂದೆ ನಿಜ ಹೇಳುತ್ತಾರೆ, ತೀರಾ ಸಿಕ್ಕಿಬಿದ್ದರೆ ಹೆಂಡತಿಯ ಮುಂದೆಯೂ ಹೇಳುತ್ತಾರೆ. ಆದರೆ ಜಿಂಕೆ ಹೊಡೆಯಲು ಯಾವ ಮರ ಹತ್ತುತ್ತೇವೆ ಎಂಬುದನ್ನು ಮಾತ್ರ ಯಾರಿಗೂ ನಿಜ ಹೇಳುವುದಿಲ್ಲ. ದಿಣ್ಣೆ ಮೇಲೆ ಎಂದವನು ಜೌಗಿನಲ್ಲಿರುತ್ತಾನೆ. ಜೌಗಿನಲ್ಲಿ ಎಂದವನು ಪಕ್ಕದವನ ಹೊಲದ ಅಂಚಿನಲ್ಲಿ, ಪಕ್ಕದವನಿಗೂ ತಿಳಿಯದಂತೆ ಕೂತಿರುತ್ತಾನೆ. ಇದನ್ನು ಸುಳ್ಳು ಎಂದು ಅಲ್ಲಿ ಯಾರೂ ಕರೆಯುವುದಿಲ್ಲ. ಕೇಳಿದವನದೇ ತಪ್ಪು ಎನ್ನುತ್ತಾರೆ. ಅಷ್ಟು ಮರ್ಯಾದಸ್ಥರ ಊರು ಅದು.

ಹೋದ ವರ್ಷ ನವೆಂಬರಿನಲ್ಲಿ ಕ್ಯಾಸಿಮಿರ್ ಸತ್ತದ್ದು ಈ ಮರ್ಯಾದೆಯಿಂದಲೇ. "ದಿಣ್ಣೆ ಮೇಲಿರ್ತೀನಿ, ಊಟಕ್ಕೆ ಬಂದ್ಬಿಡ್ತೀನಿ" ಎಂದು ಹೆಂಡತಿ ಬರ್ನಡೀನಳಿಗೆ ಹೇಳಿ ಹೋದ. ಒಂದು ಗಳಿಗೆಯ ಕೆಲಸಕ್ಕೆ ಬೆಲ್ಟು ಯಾಕೆ ಎಂದು ಮರಕ್ಕೆ ಕಟ್ಟಿಕೊಳ್ಳುವ ಬೆಲ್ಟನ್ನು ಮನೆಯ ಮೊಳೆಯಲ್ಲೇ ಬಿಟ್ಟು ಹೋದ. ಊಟದ ಹೊತ್ತು ಮೀರಿತು, ಊರಿಗೆ ಊರೇ ದಿಣ್ಣೆಯನ್ನು ಜಾಲಾಡಿತು. ಅವನು ಸಿಕ್ಕಿದ್ದು ಹಳ್ಳದಾಚೆ, ಜೌಗಿನ ಅಂಚಿನ ಒಂದು ಪಾಪ್ಲರ್ ಮರದ ಬುಡದಲ್ಲಿ. ಬಿದ್ದ ಮೇಲೂ ಬಹಳ ಹೊತ್ತು ಜೀವ ಇತ್ತು ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಬರ್ನಡೀನಳ ಮುಂದೆ ಯಾರೂ ಮತ್ತೆ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಡಾಕ್ಟರು ಹೇಳುವಾಗ ಅವಳು ಅಲ್ಲೇ ನಿಂತಿದ್ದಳು.

ಈ ಬರ್ನಡೀನಳ ತಮ್ಮನೇ ನಮ್ಮ ಲ್ಯಾಂಬರ್ಟ್ ಝುರೆಕ್.

ಲ್ಯಾಂಬರ್ಟ್ ಚೀಸ್ ಕಾರ್ಖಾನೆಯಲ್ಲಿ ತೂಕದ ಮನುಷ್ಯ. ತೂಕ ಮಾಡುವವನು ಎಂದು ಅರ್ಥ, ತೂಕವುಳ್ಳವನು ಎಂದಲ್ಲ. ಜೀವಮಾನದಲ್ಲಿ ಎರಡು ಜಿಂಕೆ ಹೊಡೆದಿದ್ದ. ಅದರಲ್ಲಿ ಒಂದಕ್ಕೆ ಅದಾಗಲೇ ಲಾರಿ ಹೊಡೆದಿತ್ತು. ಅವನ ಗೋಡೆಯ ಮೇಲೆ ಒಂದು ಕೊಂಬೂ ಇರಲಿಲ್ಲ. ಆ ಊರಿನಲ್ಲಿ ಕೊಂಬಿಲ್ಲದ ಗೋಡೆ ಇಟ್ಟುಕೊಂಡು ಬಾಳುವುದು ಎಷ್ಟು ಕಷ್ಟ ಎಂಬುದನ್ನು ಹೊರಗಿನವರಿಗೆ ಹೇಳಿ ಪ್ರಯೋಜನವಿಲ್ಲ. ಅವನ ಹೆಂಡತಿ ಡೆಲ್ಫಿನ್ ಅಲ್ಲಿ ಒಂದು ಕ್ಯಾಲೆಂಡರ್ ನೇತುಹಾಕಿದ್ದಳು.

ಕ್ಯಾಸಿಮಿರನನ್ನು ಮಣ್ಣು ಮಾಡಿದ ಮರುದಿನ ಬರ್ನಡೀನ್ ತಮ್ಮನನ್ನು ಕರೆದು ಶೆಡ್ಡಿನ ಮೂಲೆ ತೋರಿಸಿದಳು. ಅಲ್ಲಿ ಅವಳ ಗಂಡನ ಮಚಾನು ಒರಗಿತ್ತು. ಮರ ಹತ್ತುವ ಮಚಾನು ಅದು. ಮೇಲೆ ಕೂರುವ ಪೀಠ ಬೇರೆ, ಕೆಳಗೆ ಕಾಲಿಡುವ ಮೆಟ್ಟು ಬೇರೆ, ಎರಡೂ ಕಬ್ಬಿಣದ ತಂತಿಯಿಂದ ಮರವನ್ನು ತಬ್ಬಿಕೊಳ್ಳುತ್ತವೆ. ಮೆಟ್ಟಿನ ಮೇಲೆ ನಿಂತು ಪೀಠ ಎತ್ತಬೇಕು, ಪೀಠದ ಮೇಲೆ ಕೂತು ಕಾಲಿನಿಂದ ಮೆಟ್ಟು ಎತ್ತಬೇಕು, ಹೀಗೆ ಕಂಬಳಿಹುಳದ ಹಾಗೆ ಮೇಲೇರಬೇಕು.

"ಇದನ್ನ ನನ್ನ ಕಣ್ಣೆದುರಿಂದ ತಗೊಂಡು ಹೋಗು" ಎಂದಳು ಬರ್ನಡೀನ್. "ಗುಜರಿಗೆ ಹಾಕು. ಇನ್ನು ಇದರ ಮೇಲೆ ಯಾರೂ ಕೂರಬಾರದು."

"ಹಾಕ್ತೀನಕ್ಕ" ಎಂದ ಲ್ಯಾಂಬರ್ಟ್. ಒಂದು ವಾರ ಬಿಟ್ಟು ಅವಳು ಕೇಳಿದಾಗ "ಹಾಕ್ದೆ" ಎಂದ. ಮಚಾನು ಅವನ ಗ್ಯಾರೇಜಿನ ಅಟ್ಟದ ಮೇಲೆ, ತಾಡಪಾಲಿನ ಕೆಳಗೆ, ಬೆಚ್ಚಗಿತ್ತು. ಅಷ್ಟು ಒಳ್ಳೆಯ ಮಾಲನ್ನು ಗುಜರಿಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ, ನಾಳೆ ಹಾಕೋಣ ಎನ್ನುತ್ತಾ ಬೇಸಿಗೆ ಕಳೆಯಿತು.

ಸತ್ತವನ ಮರದಲ್ಲಿ ಯಾರೂ ಕೂರುವುದಿಲ್ಲ, ಅದು ಆ ಊರಿನ ಇನ್ನೊಂದು ಮರ್ಯಾದೆ. ಹಾಗಾಗಿ ವರ್ಷವಿಡೀ ಆ ಪಾಪ್ಲರಿನ ಸುತ್ತ ನರಪಿಳ್ಳೆಯೂ ಸುಳಿದಿರಲಿಲ್ಲ. ಅಕ್ಟೋಬರಿನಲ್ಲಿ ಲ್ಯಾಂಬರ್ಟ್ ಅತ್ತ ಹೋದ. ಭಾವ ಬಿದ್ದ ಜಾಗಕ್ಕೆ ಕೈಮುಗಿದು ಬರೋಣ ಎಂದೇ ಹೋದದ್ದು, ನಾವು ನಂಬೋಣ. ಹೋಗಿ ನೋಡಿದರೆ ಗಿಡಗಳ ತೊಗಟೆಯೆಲ್ಲ ಕೊಂಬಿನಿಂದ ಉಜ್ಜಿ ಸುಲಿದುಹೋಗಿದೆ, ಕೆಸರಿನಲ್ಲಿ ಅಂಗೈಯಗಲದ ಗೊರಸಿನ ಗುರುತು. ಅಂಥ ಗಂಡು ಜಿಂಕೆ ಅವನ ಕನಸಿನಲ್ಲೂ ಬಂದಿರಲಿಲ್ಲ. ಅವನು ಕೈಮುಗಿಯುವುದನ್ನು ಮರೆತು ಮನೆಗೆ ಬಂದು ಕ್ಯಾಲೆಂಡರ್ ಇರುವ ಗೋಡೆಯನ್ನು ಬಹಳ ಹೊತ್ತು ನೋಡಿದ.

ಇಷ್ಟರಲ್ಲಿ ಚರ್ಚಿನವರು ಸೇರಿ, ಬೇಟೆ ಶುರುವಾಗುವ ಹಿಂದಿನ ಸಂಜೆ ಮರ ಹತ್ತುವವರಿಗೆಲ್ಲ ಒಂದು ಬುದ್ಧಿಮಾತಿನ ಉಪನ್ಯಾಸ ಇಡಬೇಕೆಂದು ತೀರ್ಮಾನಿಸಿದರು. ಸತ್ತವನ ಮನೆಯವರೇ ಹೇಳಿದರೆ ಮನಸ್ಸಿಗೆ ನಾಟುತ್ತದೆ ಎಂದರು ಪಾದ್ರಿ. ಸತ್ತವನ ಮನೆಯವರಲ್ಲಿ ಗಂಡಸೆಂದರೆ ಲ್ಯಾಂಬರ್ಟ್ ಒಬ್ಬನೇ. ಹೀಗೆ ಎರಡು ಜಿಂಕೆಯ ಲ್ಯಾಂಬರ್ಟ್ ರಾತ್ರೋರಾತ್ರಿ ಪಂಡಿತನಾದ. ಹೊಸ ಸ್ವೆಟರ್ ಬಂತು. ಊಟಕ್ಕೆ ಕೂತಾಗ ಡೆಲ್ಫಿನ್ ಉಪ್ಪು ಕೇಳಿದರೆ, "ಯಾವ ಕೆಲಸಕ್ಕೂ ಮುಂಜಾಗ್ರತೆ ಮುಖ್ಯ" ಎಂದು ಉಪ್ಪು ಕೊಡತೊಡಗಿದ.

ಶುಕ್ರವಾರ ಸಂಜೆ. ಚರ್ಚಿನ ದೊಡ್ಡ ಹಾಲಿನ ತುಂಬಾ ಹುರಿದ ಮೀನಿನ ವಾಸನೆ. ಉಪನ್ಯಾಸ ಮುಗಿದ ಮೇಲೆ ಮೀನಿನ ಊಟ ಎಂದು ಇಟ್ಟಿದ್ದರಿಂದ ಜನ ಕಿಕ್ಕಿರಿದಿದ್ದರು. ಬರ್ನಡೀನ್ ಮಾತ್ರ ಬಂದಿರಲಿಲ್ಲ. ಮಚಾನನ್ನು ತರುವಂತಿಲ್ಲವಲ್ಲ, ಲ್ಯಾಂಬರ್ಟ್ ಹಾಲಿನ ನಡುವಣ ಕಂಬವನ್ನೇ ಮರ ಮಾಡಿಕೊಂಡು, ಎರಡು ಮಡಚುವ ಕುರ್ಚಿಗಳನ್ನು ಮೇಲೊಂದು ಕೆಳಗೊಂದು ಇಟ್ಟು ಪೀಠ, ಮೆಟ್ಟು ಎಂದ. ಜೇಬಿನಿಂದ ಒಂದು ನೀಲಿ ಹಗ್ಗ ತೆಗೆದು ಕಂಬಕ್ಕೆ ಸುತ್ತಿ ತೋರಿಸಿದ.

"ಇದು ಜೋಡುಹಗ್ಗ. ಪೀಠಕ್ಕೂ ಮೆಟ್ಟಿಗೂ ಇದನ್ನ ಕಟ್ಟಲೇಬೇಕು. ಕಟ್ಟದಿದ್ರೆ ಏನಾಗುತ್ತೆ? ಕಾಲು ತೆಗೆದ ಕೂಡಲೇ ಮೆಟ್ಟು ಜಾರಿ ನೆಲಕ್ಕೆ ಬೀಳುತ್ತೆ. ನೀವು ಮೇಲೆ, ಮೆಟ್ಟು ಕೆಳಗೆ. ಆಮೇಲೆ ಸಂತರನ್ನ ಕರೀತಾ ಕೂತಿರಿ."

"ಲ್ಯಾಂಬಿ, ಉಚ್ಚೆ ಬಂದ್ರೆ?" ಎಂದು ಹಿಂದಿನಿಂದ ಕೂಗಿದ ನೆರೆಮನೆಯ ನಾರ್ಬರ್ಟ್.

"ಬಾಟಲಿ" ಎಂದ ಲ್ಯಾಂಬರ್ಟ್, ಸ್ವೆಟರು ಸರಿಮಾಡಿಕೊಳ್ಳುತ್ತ. "ಬೆಲ್ಟನ್ನ ನೆಲದ ಮೇಲೇ ಕಟ್ಕೋಬೇಕು, ಮೇಲೆ ಹೋದ ಮೇಲಲ್ಲ. ನೀವು ಏರಿದ ಹಾಗೆಲ್ಲ ಬೆಲ್ಟಿನ ಹಗ್ಗಾನೂ ಏರಿಸ್ತಾ ಹೋಗಬೇಕು. ಬಂದೂಕ ಹೆಗಲಿಗೆ ಹಾಕ್ಕೊಂಡು ಹತ್ತಬಾರದು. ಗುಂಡು ತೆಗೆದು, ಸೇದೋ ಹಗ್ಗಕ್ಕೆ ಕಟ್ಟಿ, ಮೇಲೆ ಕೂತು ಬಾವಿ ನೀರು ಸೇದಿದ ಹಾಗೆ ಸೇದ್ಕೋಬೇಕು."

ಇಲ್ಲಿಯತನಕ ಎಲ್ಲ ಸರಿಯಿತ್ತು. ಆದರೆ ಲ್ಯಾಂಬರ್ಟನಿಗೆ ತನ್ನ ದನಿಯೇ ಚೆನ್ನಾಗಿ ಕೇಳಿಸತೊಡಗಿತ್ತು.

"ಕಡೇದು ಎಲ್ಲಕ್ಕಿಂತ ದೊಡ್ಡದು. ಎಲ್ಲಿ ಹೋಗ್ತೀವಿ ಅಂತ ಮನೇಲಿ ಹೇಳಿ ಹೋಗಬೇಕು. ನಿಜ ಹೇಳಬೇಕು."

ಗಂಡಸರು ತಮ್ಮ ತಮ್ಮ ಬೂಟು ನೋಡಿಕೊಂಡರು. ಮದುವೆಮನೆಯಲ್ಲಿ ಯಾರೋ ಕೆಟ್ಟ ಮಾತಾಡಿದ ಹಾಗೆ ಒಬ್ಬಿಬ್ಬರು ಕೆಮ್ಮಿದರು.

"ಹಾಗಾದ್ರೆ ನೀನೇ ಶುರುಹಚ್ಕೊಳಪ್ಪ" ಎಂದ ನಾರ್ಬರ್ಟ್. "ನಾಳೆ ನೀನೆಲ್ಲಿ ಕೂರ್ತೀಯ?"

ಲ್ಯಾಂಬರ್ಟ್ ಸ್ವೆಟರಿನ ಕೈ ಎಳೆದುಕೊಂಡ. ಎಲ್ಲರ ಕಣ್ಣು ಅವನ ಮೇಲೆ. ಡೆಲ್ಫಿನ್ ಮೀನಿನ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

"ಹಳ್ಳಕ್ಕೆ ಬೀವರ್‌ಗಳು ಕಟ್ಟಿರೋ ಕಟ್ಟೆ ಹತ್ರ" ಎಂದ ಲ್ಯಾಂಬರ್ಟ್. "ಕಟ್ಟೆಯ ಎಡಕ್ಕೆ, ದೊಡ್ಡ ಬಾಸ್‌ವುಡ್ ಮರ."

ಆಹಾ! ಒಬ್ಬ ಗಂಡಸು, ತುಂಬಿದ ಸಭೆಯಲ್ಲಿ, ಮರದ ಜಾತಿಯ ಸಮೇತ ತನ್ನ ಜಾಗ ಹೇಳಿದ್ದು ಆ ಊರಿನ ಚರಿತ್ರೆಯಲ್ಲೇ ಇರಲಿಲ್ಲ. ಪಾದ್ರಿ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಹೆಂಗಸರು ಕಣ್ಣೊರೆಸಿಕೊಂಡರು. "ನಾಚಿಕೆ ಆಗ್ತಿದೆ ಕಣೋ ನಮಗೆ" ಎಂದು ನಾರ್ಬರ್ಟ್ ಬಂದು ಕೈಕುಲುಕಿದ. ಆಗ ಅಡುಗೆಮನೆಯಿಂದ ಊಟದ ಗಂಟೆ ಬಾರಿಸಿದರು. ಕುರ್ಚಿ ಬೇಕೆಂದು ಯಾರೋ ಕಂಬದ ಕುರ್ಚಿಗಳನ್ನೂ ಎಳೆದುಕೊಂಡು ಹೋದರು, ಹೊಗಳಿಕೆಯ ನಡುವೆ ಲ್ಯಾಂಬರ್ಟ್ ಮೀನಿನತ್ತ ತೇಲಿದ. ನೀಲಿ ಹಗ್ಗ ಕಂಬದಲ್ಲೇ ಉಳಿಯಿತು.

ಮರುದಿನ ಇನ್ನೂ ಬೆಳಕು ಹರಿಯುವ ಮುಂಚೆ ಡೆಲ್ಫಿನ್ ಗಂಡನ ಬೆಲ್ಟಿನ ಬಕಲನ್ನು ತಾನೇ ಎಳೆದು ನೋಡಿದಳು.

"ಕಟ್ಟೆ ಹತ್ರಾನೇ ತಾನೇ?"

"ಊರ ಮುಂದೆ ಹೇಳಿಲ್ವೇನೇ?"

"ಊಟದ ಹೊತ್ತಿಗೆ ಚರ್ಚ್ ಹಾಲಿಗೆ ಬಂದ್ಬಿಡಿ. ಬರ್ನಡೀನ್ ಅಕ್ಕನ್ನೂ ಎಳ್ಕೊಂಡು ಬರ್ತೀನಿ. ಇವತ್ತು ಅವರೊಬ್ಬರನ್ನೇ ಮನೇಲಿ ಬಿಡೋಕಾಗಲ್ಲ."

ಬೇಟೆಯ ಮೊದಲ ದಿನ ಗಂಡಸರು ಕಾಡಿಗೆ ಹೋದರೆ, ಹೆಂಗಸರು ಹಾಲಿನಲ್ಲಿ ಸೇರಿ ಇಸ್ಪೀಟಾಡಿ ಸೂಪು ಕುಡಿಯುತ್ತಾರೆ. ಅದಕ್ಕೆ ಬೇಟೆ ವಿಧವೆಯರ ಕೂಟ ಎಂದು ಹೆಸರು. ಮುಂಚೆ ಅದು ನಗುವ ಹೆಸರಾಗಿತ್ತು. ಈ ವರ್ಷ ಗೋಡೆಗೆ ಹಚ್ಚಿದ ಆ ಹೆಸರಿನ ಫಲಕವನ್ನು ಡೆಲ್ಫಿನ್ ಮೊದಲೇ ಹೋಗಿ ಕಿತ್ತು ಹಾಕಿದ್ದಳು.

ಲ್ಯಾಂಬರ್ಟ್ ಹಳ್ಳ ದಾಟಿ ಪಾಪ್ಲರಿನ ಬುಡಕ್ಕೆ ಬಂದಾಗ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಮಚಾನನ್ನು ಮರಕ್ಕೆ ತೊಡಿಸಿದ, ಬೆಲ್ಟು ಕಟ್ಟಿದ, ಜೋಡುಹಗ್ಗಕ್ಕೆ ಜೇಬಿಗೆ ಕೈಹಾಕಿದ. ಈ ಜೇಬು, ಆ ಜೇಬು, ಚೀಲ, ಟೋಪಿ. ಇಲ್ಲ. ಹಿಂದಿನ ಸಂಜೆ ಊರಿಗೆಲ್ಲ ಏನು ಹೇಳಿದ್ದೆ ಎಂದು ನೆನಪಾಯಿತು, ನೆನಪಾದದ್ದಕ್ಕೆ ಸಿಟ್ಟೂ ಬಂತು. "ಇದೊಂದು ಸಲ ಪರವಾಗಿಲ್ಲ" ಎಂದು ಮರಕ್ಕೆ ಹೇಳಿದ. ಭಾವನೂ ಇದೇ ಮಾತು ಹೇಳಿರಬಹುದು ಎಂದು ಆಗ ಹೊಳೆಯಲಿಲ್ಲ.

ಮೇಲೇರಿ ಕೂತ. ಬಂದೂಕ ಸೇದಿಕೊಂಡು ಗುಂಡು ತುಂಬಿ ಕೊಕ್ಕೆಗೆ ತಗುಲಿಸಿದ. ಸುತ್ತ ಕಪ್ಪು ಫರ್ ಮರಗಳು ಒತ್ತಾಗಿ ನಿಂತಿದ್ದವು. ಗಾಳಿಯಿರಲಿಲ್ಲ, ಹಕ್ಕಿಯಿರಲಿಲ್ಲ. ಕಾಲಿನ ಬೆರಳು ಜೋಮುಹಿಡಿಯಿತು. ಕಾಲ್ಚೀಲ ಎಳೆದುಕೊಳ್ಳೋಣ ಎಂದು ಮೆಟ್ಟಿನ ಪಟ್ಟಿಯಿಂದ ಎರಡೂ ಪಾದ ಬಿಡಿಸಿದ. ಮೆಟ್ಟು ಒಂದು ಕಡೆ ವಾಲಿತು, ಯೋಚಿಸಿದ ಹಾಗೆ ಸ್ವಲ್ಪ ತಡೆಯಿತು, ಆಮೇಲೆ ತೊಗಟೆ ಕೆರೆಯುತ್ತ ಸರಸರನೆ ಜಾರಿ ಢಣ್ ಎಂದು ಬುಡಕ್ಕೆ ಬಿತ್ತು. ಪಂಡಿತರು ಮೇಲೆ, ಮೆಟ್ಟು ಕೆಳಗೆ.

ಲ್ಯಾಂಬರ್ಟ್ ಎರಡೂ ಕೈಯಿಂದ ಮರವನ್ನು ತಬ್ಬಿದ. ಪೀಠ ಗಟ್ಟಿಯಾಗಿತ್ತು, ಬೆಲ್ಟೂ ಗಟ್ಟಿಯಾಗಿತ್ತು, ಬೀಳುವ ಹಾಗಿರಲಿಲ್ಲ. ಇಳಿಯುವ ಹಾಗೂ ಇರಲಿಲ್ಲ. ಅದೇ ಹೊತ್ತಿಗೆ ಫರ್ ಮರಗಳ ನಡುವಿನಿಂದ ಆ ಗಂಡು ಜಿಂಕೆ ಬಂತು. ಕೊಂಬೆಂದರೆ ಕೊಂಬು! ಅದು ನಿಧಾನವಾಗಿ ನಡೆದು ಬಂದು ಮೆಟ್ಟನ್ನು ಮೂಸಿತು. ಕಾಲಿಡುವ ಪಟ್ಟಿಯನ್ನು ನೆಕ್ಕಿತು. ಆಮೇಲೆ ತಲೆಯೆತ್ತಿ ಲ್ಯಾಂಬರ್ಟನನ್ನು ನೋಡಿತು. ಬಂದೂಕಕ್ಕೆ ಕೈ ಚಾಚಬೇಕಾದರೆ ಮರ ಬಿಡಬೇಕಿತ್ತು. ಅವನು ಮರ ಬಿಡಲಿಲ್ಲ. ಇಂಥವನನ್ನು ಕಂಡು ಓಡುವುದು ತನಗೆ ಅವಮಾನ ಎಂಬಂತೆ ಜಿಂಕೆ ನಡೆದುಕೊಂಡೇ ಹೋಯಿತು.

ಆ ಜೌಗಿನಲ್ಲಿ ಫೋನು ನಡೆಯುವುದಿಲ್ಲ. ಇರಲಿ, ಏನಾದರೂ ಉಪಾಯ ಹೊಳೆಯುತ್ತದೆ ಎಂದು ಕೂತ. ಮಧ್ಯಾಹ್ನ ದಾಟಿತು, ಹೊಳೆಯಲಿಲ್ಲ. ಹಿಮ ಬೆರೆತ ಮಳೆ ಸಣ್ಣಗೆ ಶುರುವಾಯಿತು.

ಆಗ ಹಳ್ಳದಾಚೆಯ ಕಾಲುದಾರಿಯಲ್ಲಿ ಮಾತು ಕೇಳಿಸಿತು. ನಾರ್ಬರ್ಟ್, ಜೊತೆಗೆ ಅರಣ್ಯದ ವಾರ್ಡನ್ ಆರ್ವಿಲ್ ಟೆಶ್. ಕಟ್ಟೆಯ ಕಡೆಗೆ ಹೋಗುವ ದಾರಿ ಅದು. ಫರ್ ಮರಗಳ ಮರೆಯಲ್ಲಿ ಅವರು ಕಾಣಲಿಲ್ಲ, ಒಂದೊಂದು ಮಾತೂ ಕೇಳಿಸಿತು.

"ಕಟ್ಟೆ ಹತ್ರ ಇಷ್ಟೊತ್ತು ನೋಡಿದ್ವಲ್ಲಯ್ಯ" ಎಂದ ಟೆಶ್. "ಬಾಸ್‌ವುಡ್ ಇದೆ, ಮನುಷ್ಯ ಇಲ್ಲ. ಬೇರೆ ಕಡೆ ಹೋಗಿರಬಹುದಾ?"

"ಲ್ಯಾಂಬಿನಾ?" ನಾರ್ಬರ್ಟನಿಗೆ ಸಿಟ್ಟೇ ಬಂತು. "ನೀವು ನಿನ್ನೆ ಇರಲಿಲ್ಲ ವಾರ್ಡನ್. ನಾನು ಅವನ ಕೈಕುಲುಕಿದ್ದೀನಿ. ಈ ಊರಲ್ಲಿ ನಿಜ ಹೇಳಿದ ಒಬ್ಬನೇ ಒಬ್ಬ ಗಂಡಸು ಅವನು. ಕಟ್ಟೆ ಅಂದ ಮೇಲೆ ಕಟ್ಟೆ. ನೀರಿಗೇ ಬಿದ್ದಿರಬೇಕು, ಪಾಪ."

"ಆ ಪಾಪ್ಲರ್ ಇಲ್ಲೇ ಎಲ್ಲೋ ಅಲ್ವಾ? ಕ್ಯಾಸಿಮಿರ್..."

"ಛೆ ಛೆ, ಅಲ್ಲಿ ಯಾವ ಕತ್ತೆ ಕೂರ್ತಾನೆ? ಸತ್ತೋನ ಮರ. ನಡೀರಿ, ನೀರು ಕೆದಕೋಕೆ ಕೋಲು ತರೋಣ."

ಲ್ಯಾಂಬರ್ಟ್ ಬಾಯಿ ತೆರೆದ. "ಇಲ್ಲಿದೀನಿ" ಎಂದರೆ ಮುಗಿಯುತ್ತಿತ್ತು. ಆದರೆ ಇಲ್ಲಿ ಎಂದರೆ ಎಲ್ಲಿ? ಭಾವನ ಮರದಲ್ಲಿ, ಗುಜರಿಗೆ ಹಾಕಿದ ಭಾವನ ಮಚಾನಿನಲ್ಲಿ, ಉಪನ್ಯಾಸದ ಮರುದಿನ, ಕತ್ತೆಯ ಹಾಗೆ. ಅಕ್ಕನ ಮುಖ ಕಣ್ಣಿಗೆ ಬಂತು. ಅವನು ಬಾಯಿ ಮುಚ್ಚಿಕೊಂಡ. ಅವರ ಹೆಜ್ಜೆಯ ಸದ್ದು ದೂರವಾಗುತ್ತ ಹೋಯಿತು, ಪೂರ್ತಿ ನಿಂತಿತು.

ನಿಂತ ಮೇಲೆ ಅವನಿಗೆ ಭಯ ಹತ್ತಿತು.

ತೊಡೆಯಿಂದ ಕೆಳಗೆ ಕಾಲು ಇರುವುದೇ ಗೊತ್ತಾಗುತ್ತಿರಲಿಲ್ಲ. ಸ್ವೆಟರು ನೆನೆದು ಮೈಗೆ ಅಂಟಿತ್ತು. ಬಂದೂಕ ತೆಗೆದು ಆಕಾಶಕ್ಕೆ ಮೂರು ಗುಂಡು ಹಾರಿಸಿದ. ಮೂರು ಗುಂಡೆಂದರೆ ಆ ಕಾಡಿನಲ್ಲಿ ಕಾಪಾಡಿ ಎಂದು ಅರ್ಥ, ವರ್ಷದ ಎಲ್ಲ ದಿನ, ಬೇಟೆಯ ಮೊದಲ ದಿನವೊಂದನ್ನು ಬಿಟ್ಟು. ಪೂರ್ವದಿಂದ ಎರಡು ಗುಂಡು ಕೇಳಿಸಿದವು, ದಿಣ್ಣೆಯಿಂದ ನಾಲ್ಕು. ದೂರದಲ್ಲಿ ಯಾರೋ "ಹೊಡೆದ್ಯೇನೋ ಅದೃಷ್ಟವಂತ!" ಎಂದು ಖುಷಿಯಾಗಿ ಕೂಗಿದ.

ಆಗ ಲ್ಯಾಂಬರ್ಟ್ ಕೂಗಿದ. ನಾಚಿಕೆಯೆಲ್ಲ ಬಿಟ್ಟು, ನಾರ್ಬರ್ಟನ ಹೆಸರು, ವಾರ್ಡನ್ನನ ಹೆಸರು, ಡೆಲ್ಫಿನಳ ಹೆಸರು ಹಿಡಿದು ಕೂಗಿದ. ಕೂಗು ಫರ್ ಮರಗಳೊಳಗೆ ಹೋಗಿ ಅಲ್ಲೇ ಸಾಯುತ್ತಿತ್ತು. ದನಿ ಒಡೆದು ಸುಮ್ಮನಾದಾಗ ಅವನು ಕೆಳಗೆ ನೋಡಿದ. ಬುಡದ ಹತ್ತಿರ ಪಾಚಿ ಕಿತ್ತುಹೋದ ಒಂದು ಜಾಗವಿತ್ತು, ವರ್ಷವಾದರೂ ಪೂರ್ತಿ ಮುಚ್ಚಿರಲಿಲ್ಲ. ಭಾವನೂ ಕೂಗಿರಬೇಕು. ಹೀಗೇ ಕೂಗಿರಬೇಕು, ಸೊಂಟ ಮುರಿದುಕೊಂಡು, ಮಲಗಿದಲ್ಲಿಂದಲೇ. ನಾವೆಲ್ಲ ಆಗ ದಿಣ್ಣೆ ಮೇಲಿದ್ದೆವು ಎಂದುಕೊಂಡಾಗ ಲ್ಯಾಂಬರ್ಟನಿಗೆ ಅಳು ಬಂತು. ಮರಕ್ಕೆ ಹಣೆ ಒತ್ತಿ ಅತ್ತ.

ಇತ್ತ ಹಾಲಿನಲ್ಲಿ ಏನಾಗಿತ್ತು ಎಂಬುದು ಅವನಿಗೆ ಆಮೇಲೆ ತಿಳಿದದ್ದು. ಊಟದ ಹೊತ್ತಿಗೆ ಗಂಡ ಬರಲಿಲ್ಲವೆಂದು ಡೆಲ್ಫಿನ್ ಗೋಳಾಡಿದಾಗ, ಸಿಕ್ಕಿದ ಗಂಡಸರನ್ನೆಲ್ಲ ಬೀವರ್ ಕಟ್ಟೆಗೆ ಅಟ್ಟಿದರು. ಪಾದ್ರಿ ಪ್ರಾರ್ಥನೆ ಶುರುಮಾಡಿದರು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಬರ್ನಡೀನ್ ಎದ್ದು ನಿಂತು, ತಲೆ ಸುತ್ತಿದಂತಾಗಿ ಕಂಬ ಹಿಡಿದಳು. ಕೈಗೆ ಹಗ್ಗ ತಗುಲಿತು. ನೀಲಿ ಹಗ್ಗ, ತುದಿಯನ್ನು ಮೇಣದಬತ್ತಿಯಲ್ಲಿ ಸುಟ್ಟು ಅಂಟಿಸಿದ್ದು. ಅದು ಅವಳ ಬಟ್ಟೆ ಒಣಹಾಕುವ ಹಗ್ಗ. ಅದನ್ನು ಕತ್ತರಿಸಿ ತನ್ನ ಮಚಾನಿಗೆ ಕಟ್ಟಿಕೊಂಡದ್ದಕ್ಕೆ ಅವಳು ಗಂಡನನ್ನು ಎರಡು ದಿನ ಬೈದಿದ್ದಳು. ಮಚಾನು ಗುಜರಿಗೆ ಹೋಗಿಲ್ಲ, ತಮ್ಮ ಕೂತಿರುವುದು ಕಟ್ಟೆಯ ಹತ್ತಿರವೂ ಅಲ್ಲ ಎಂದು ಅವಳಿಗೆ ಹೊಳೆಯಿತು, ಯಾರಿಗೂ ಏನೂ ಹೇಳಲಿಲ್ಲ. ಹಗ್ಗ ಬಿಚ್ಚಿಕೊಂಡು, ಜಿಂಕೆಯೆಂದು ಯಾರೂ ಗುಂಡು ಹೊಡೆಯದಿರಲಿ ಎಂದು ಬಾಗಿಲ ಹಿಂದೆ ತೂಗಿದ್ದ ಯಾರದೋ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಕಾರು ಹತ್ತಿದಳು.

"ಲ್ಯಾಂಬೀ."

ಲ್ಯಾಂಬರ್ಟ್ ಬೆಚ್ಚಿ ಕೆಳಗೆ ನೋಡಿದ. "ಯಾರು?"

"ಪರಲೋಕದಿಂದ ಬಂದಿದ್ದೀನಿ. ಅಕ್ಕ ಕಣೋ, ಇನ್ಯಾರು?"

"ಅಕ್ಕಾ, ನಾನು... ಬೀವರ್ ಕಟ್ಟೆಗೆ ಅಂತ ಹೊರಟು... ದಾರಿ ತಪ್ಪಿ..."

"ದಾರಿ ತಪ್ಪಿ ಮರದ ಮೇಲಕ್ಕೆ ಬಂದ್ಯಾ?"

ಬರ್ನಡೀನ್ ಬಿದ್ದ ಮೆಟ್ಟನ್ನು ಕಾಲಿನಿಂದ ತಿರುವಿ ನೋಡಿದಳು.

"ಗುಜರಿಗೆ ಹಾಕ್ದೆ ಅಂದಿದ್ದೆ."

"ಹಾಕೋಣ ಅಂತಾನೇ ಇಟ್ಟಿದ್ದೆ ಅಕ್ಕ..."

"ಇಲ್ಲಿ ತಂದು ಹಾಕಿದ್ದೀಯ." ಅವಳು ಆ ಮೆಟ್ಟಿನ ಮೇಲೇ, ಅವನಿಗೆ ಬೆನ್ನುಹಾಕಿ ಕೂತಳು. ಪಾಚಿ ಕಿತ್ತ ಜಾಗ ಅವಳ ಕಾಲ ಬಳಿಯೇ ಇತ್ತು. ಮಳೆ ಅವಳ ತಲೆಯ ಮೇಲೆ ಬೀಳುತ್ತಿತ್ತು.

"ಅಕ್ಕ, ಕಾಲು ಮರಗಟ್ಟಿದೆ."

"ಇರಲಿ."

"ಅಕ್ಕ..."

"ನಾರ್ಬ, ವಾರ್ಡನ್ನು ಇಬ್ರೂ ಈ ದಾರೀಲೇ ಹೋದ್ರಂತಲ್ಲ. ಕೇಳಿಸಲಿಲ್ವಾ?"

"ಕೇಳಿಸ್ತು."

"ಮತ್ತೆ? ಕೂಗಲಿಲ್ಲ?"

"ಇಲ್ಲ."

"ಯಾಕೆ?"

"ನಾಚಿಕೆ ಆಯ್ತಕ್ಕ."

ಬರ್ನಡೀನ್ ಎದ್ದಳು. ಎದ್ದವಳೇ ಮುಷ್ಟಿ ಕಟ್ಟಿ ಮರಕ್ಕೆ ಗುದ್ದಿದಳು, ಒಂದಲ್ಲ, ನಾಲ್ಕಾರು ಸಲ. ಮೇಲೆ ಕೂತವನಿಗೆ ಒಂದೊಂದು ಏಟೂ ಗೊತ್ತಾಯಿತು.

"ಕೂಗೋಕೆ ನಾಚಿಕೆ! ಅಯ್ಯೋ ನಿನ್ನ ನಾಚಿಕೆಗಿಷ್ಟು ಬೆಂಕಿ ಹಾಕ! ನನ್ನ ಗಂಡ ಇಲ್ಲೇ ಬಿದ್ಕೊಂಡು ಕೂಗಿ ಕೂಗಿ ಸತ್ತ ಕಣೋ. ನಾನು ಆ ಹಾಳು ದಿಣ್ಣೆ ಮೇಲೆ ನಿಂತು ಕ್ಯಾಸ್ ಕ್ಯಾಸ್ ಅಂತ ಕೂಗ್ತಿದ್ದೆ. ಅವನು ಕೂಗಿದ್ದು ನನಗೆ ಕೇಳಿಸಲಿಲ್ಲ, ನಾನು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ದಿಣ್ಣೆ ಅಂತ ಹೇಳಿದ್ದ ನನಗೆ. ನನಗೇ! ನಾನೇನು ಹೋಗಿ ಅವನ ಜಿಂಕೆ ಹೊಡೀತಿದ್ನಾ?"

ಸ್ವಲ್ಪ ಹೊತ್ತಿಗೆ ಅವಳು ತೋಳಿನಿಂದ ಮುಖ ಒರೆಸಿಕೊಂಡಳು.

"ಹ್ಞೂ, ಹೇಳು ನಿನ್ನ ಭಾಷಣ. ಊರೆಲ್ಲ ಹೊಗಳ್ತಿದ್ರು, ನಾನೂ ಕೇಳ್ತೀನಿ. ಮೊದಲು ಏನು?"

"ಬಂದೂಕದ ಗುಂಡು ತೆಗೀಬೇಕು" ಎಂದ ಲ್ಯಾಂಬರ್ಟ್, ಹಲ್ಲು ಕಟಕಟನೆ ಬಡಿಯುತ್ತ.

"ತೆಗಿ."

ತೆಗೆದ. ಬಂದೂಕವನ್ನು ಸೇದುವ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಅವಳು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅದೇ ಹಗ್ಗಕ್ಕೆ ಮೆಟ್ಟನ್ನೂ ನೀಲಿ ಹಗ್ಗವನ್ನೂ ಕಟ್ಟಿದಳು. ಅವನು ಸೇದಿದ. ಮರಗಟ್ಟಿದ ಬೆರಳಿನಿಂದ ಮೆಟ್ಟಿನ ತಂತಿಯನ್ನು ಮರಕ್ಕೆ ಸುತ್ತಿ ಸಿಕ್ಕಿಸುವಷ್ಟರಲ್ಲಿ ಅವನು ಕರೆಯದ ಸಂತರು ಯಾರೂ ಉಳಿಯಲಿಲ್ಲ.

"ಜೋಡುಹಗ್ಗ?"

"ಕಟ್ತಿದ್ದೀನಿ."

"ಎಳೆದು ನೋಡು. ಇನ್ನೊಂದ್ಸಲ. ಬೆಲ್ಟು?"

"ಇದೆ."

"ಇಳಿಸು. ಮೊದಲು ಬೆಲ್ಟು, ಆಮೇಲೆ ನೀನು."

ಹೀಗೆ ಒಂದೊಂದು ಗೇಣಿಗೂ ಅವಳು ಕೇಳಿದಳು, ಅವನು ಉತ್ತರ ಕೊಟ್ಟು ಇಳಿದ. ಪಾದ ನೆಲ ಮುಟ್ಟಿದಾಗ ಕಾಲು ನಿಲ್ಲಲಿಲ್ಲ, ಅಕ್ಕನ ಮೇಲೇ ಕುಸಿದ. ಅವಳು ಅವನನ್ನು ಕೂರಿಸಿ, ಬೂಟು ಕಿತ್ತು, ಬೈಯುತ್ತಲೇ ಪಾದ ಉಜ್ಜಿದಳು. ಉಜ್ಜುತ್ತಾ ಉಜ್ಜುತ್ತಾ ಬೈಗುಳ ನಿಂತಿತು, ಉಜ್ಜುವುದು ನಿಲ್ಲಲಿಲ್ಲ.

"ಬಿಸಿಯಾಯ್ತಾ?" ಎಂದು ಕೇಳಿದಳು.

"ಆಯ್ತಕ್ಕ."

"ಅವನ ಪಾದಾನೂ ಹೀಗೇ ಉಜ್ಜಿದ್ದೆ. ಬಿಸಿ ಆಗಲಿಲ್ಲ."

ಹಾಲಿನ ಬಾಗಿಲು ತೆಗೆದಾಗ ಒಳಗೆ ಊರೇ ಇತ್ತು. ಕಟ್ಟೆಯ ನೀರು ಕೆದಕಿ ಬಂದವರು ಸೊಂಟದ ತನಕ ಒದ್ದೆಯಾಗಿ ಒಲೆಯ ಸುತ್ತ ನಿಂತಿದ್ದರು. ಡೆಲ್ಫಿನ್ ಓಡಿ ಬಂದು ಗಂಡನನ್ನು ತಬ್ಬಿದಳು.

"ಅಂತೂ ಕಟ್ಟೆ ಹತ್ರ ಎಲ್ಲಯ್ಯ ಅಡಗಿದ್ದೆ?" ಎಂದ ನಾರ್ಬರ್ಟ್. "ಆ ಬಾಸ್‌ವುಡ್ಡನ್ನ ನಾನು ಕಣ್ಣಲ್ಲೇ ಸುಲಿದಿದ್ದೀನಿ."

ಲ್ಯಾಂಬರ್ಟ್ ಅಕ್ಕನ ಮುಖ ನೋಡಿದ. ಅವಳು ನೀಲಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

"ಕಟ್ಟೆ ಹತ್ರ ಇರಲಿಲ್ಲ" ಎಂದ. "ಕ್ಯಾಸ್ ಭಾವನ ಮರದಲ್ಲಿದ್ದೆ. ಅವರ ಮಚಾನಿನಲ್ಲೇ. ನೀವಿಬ್ರೂ ಮಾತಾಡಿದ್ದು ಕೇಳಿಸ್ತು, ಆ ಕತ್ತೆ ನಾನೇ. ನಿನ್ನೆ ಇಲ್ಲಿ ಹೇಳಿದ್ದು ಸುಳ್ಳು."

ಡೆಲ್ಫಿನಳ ಕೈ ಅವನ ಹೆಗಲಿನಿಂದ ಕಳಚಿತು. ಅವಳು ಅಡುಗೆಮನೆಗೆ ಹೋದಳು. ನಾರ್ಬರ್ಟ್ ಹಿಂದಿನ ದಿನ ಕುಲುಕಿದ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅವನನ್ನೇನು ಹಾಗೆ ನೋಡ್ತೀರಿ?" ಎಂದಳು ಬರ್ನಡೀನ್. "ನಾರ್ಬ, ಇವತ್ತು ಬೆಳಿಗ್ಗೆ ನೀನೆಲ್ಲಿದ್ದೆ? ಹೆಂಡತಿಗೆ ಏನು ಹೇಳಿದ್ದೆ?"

ನಾರ್ಬರ್ಟ್ ಬೂಟು ನೋಡಿಕೊಂಡ. ಅವನ ಹೆಂಡತಿ ಅವನನ್ನು ನೋಡಿದಳು.

"ಹೆಂಡತಿಗೆ ಹೇಳಿದ್ರೆ ಅವಳು ತಮ್ಮನಿಗೆ ಹೇಳ್ತಾಳೆ, ತಮ್ಮ ಹೋಗಿ ಕೂರ್ತಾನೆ. ಗೊತ್ತು ನನಗೆ. ನನಗೆ ಹೇಳಿ. ನನಗೆ ಬೇಟೆ ಬರಲ್ಲ, ಜಾಗ ಹೇಳೋಕೆ ಮನೇಲಿ ಯಾರೂ ಇಲ್ಲ. ನಾಳೆ ಬೆಳಿಗ್ಗೆ ಇಲ್ಲೇ ಕೂತಿರ್ತೀನಿ. ಕಿವೀಲಿ ಹೇಳಿ ಹೋಗಿ, ಬಂದು ಮುಖ ತೋರಿಸಿ ಮನೆಗೆ ಹೋಗಿ."

ಯಾರೂ ಬರಲಾರರು ಎಂದುಕೊಂಡ ಲ್ಯಾಂಬರ್ಟ್. ಭಾನುವಾರ ಬೆಳಗಾಗುವ ಮುಂಚೆಯೇ ಹಾಲಿನ ಬಾಗಿಲಲ್ಲಿ ಸಾಲೇ ಇತ್ತು. ಪಾಪನಿವೇದನೆಗೂ ಅಷ್ಟು ಜನ ಬರುವುದಿಲ್ಲ ಎಂದು ಪಾದ್ರಿಗೆ ಸ್ವಲ್ಪ ಬೇಸರವೂ ಆಯಿತು. ಒಬ್ಬೊಬ್ಬರೇ ಬಗ್ಗಿ, ಹಿಂದಿನವನಿಗೆ ಕೇಳಿಸದಂತೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. ನಾರ್ಬರ್ಟ್ ಹೇಳಿದಾಗ ಬರ್ನಡೀನ್ ತಲೆಯಾಡಿಸಿದಳು. ಇನ್ನೊಬ್ಬ ಹೇಳಿದಾಗ ಹುಬ್ಬೇರಿಸಿದಳು. ಮೂರನೆಯವನೊಬ್ಬ ಹೇಳಿದಾಗ ಕಣ್ಣುಮುಚ್ಚಿ, "ದೇವರೇ, ಒಬ್ಬರಿಗೊಬ್ಬರು ಗುಂಡು ಹೊಡ್ಕೋಬೇಡಿ, ಅಷ್ಟೇ" ಎಂದಳು. ಯಾರ ಜಾಗವನ್ನೂ ಇನ್ನೊಬ್ಬರಿಗೆ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಲ್ಯಾಂಬರ್ಟ್ ಕಾಡಿಗೆ ಹೋಗಲಿಲ್ಲ. ಡೆಲ್ಫಿನ್ ಅವನೊಡನೆ ಇನ್ನೂ ಮಾತು ಬಿಟ್ಟಿದ್ದಳು, ಹಾಗಾಗಿ ಹಾಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದ. ಕಾರಿನಲ್ಲಿ ತಂದಿದ್ದ ಮಚಾನನ್ನು ಅಕ್ಕನೇ ಆ ಕಂಬಕ್ಕೆ ತೊಡಿಸಿ ನೀಲಿ ಹಗ್ಗ ಬಿಗಿದಿದ್ದಳು. ಮುಂದಿನ ವರ್ಷದ ಭಾಷಣಕ್ಕೆ ಕುರ್ಚಿ ಬೇಡ, ಇದನ್ನೇ ತೋರಿಸು, ಯಾರದು ಅಂತಾನೂ ಹೇಳು ಎಂದಿದ್ದಳು.

ಸಂಜೆಯಾಗುತ್ತ ಗಂಡಸರು ಒಬ್ಬೊಬ್ಬರೇ ಬಂದು ಟೋಪಿ ತೆಗೆದು ಮುಖ ತೋರಿಸಿ ಹೋದರು. ಕಡೆಯವನು ನಾರ್ಬರ್ಟ್. ಅವನೂ ಹೋದ ಮೇಲೆ ಅಕ್ಕ ತಮ್ಮ ಇಬ್ಬರೇ ಉಳಿದರು, ಕಿಟಕಿಯಾಚೆ ಬೆಳಕು ಇಳಿಯುತ್ತಿತ್ತು. ಲ್ಯಾಂಬರ್ಟ್ ಕೈ ಒರೆಸಿಕೊಂಡು ಬಂದ.

"ಇನ್ಯಾರು ಬಾಕಿ ಅಕ್ಕ?"

"ಯಾರೂ ಇಲ್ಲ. ಎಲ್ಲಾ ಬಂದ್ರು."

"ಮತ್ತೆ ಹೊರಡೋಣ್ವಾ?"

"ಇರು, ಇನ್ನೊಂದು ಸ್ವಲ್ಪ ಹೊತ್ತು."

ಅವಳು ಬಾಗಿಲನ್ನೇ ನೋಡುತ್ತಿದ್ದಳು. ಲ್ಯಾಂಬರ್ಟ್ ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.